ಸಹಪಾಠಿಯ ಕಿವಿ, ಟ್ರಸ್ಟಿನ ಹೊಣೆ

2025ರ ಜುಲೈ 25ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ನೀಡಿದ ತೀರ್ಪೊಂದು ದೇಶದ ಪ್ರತಿಯೊಂದು ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ ಹಾಗೂ ವಿದ್ಯಾರ್ಥಿನಿಲಯಕ್ಕೆ ಅನ್ವಯಿಸುತ್ತದೆ. ವಿಶಾಖಪಟ್ಟಣದ ಹಾಸ್ಟೆಲೊಂದರಲ್ಲಿ ಸಾವಿಗೀಡಾದ ನೀಟ್ ಅಭ್ಯರ್ಥಿನಿಯ ತಂದೆ ತನಿಖೆಯನ್ನು ಸಿಬಿಐಗೆ ಒಪ್ಪಿಸಬೇಕೆಂದು ಸಲ್ಲಿಸಿದ್ದ ಮೇಲ್ಮನವಿ ಅದು. ನ್ಯಾಯಾಲಯ ಆ ಬೇಡಿಕೆಯನ್ನು ಮನ್ನಿಸಿತು. ಅಷ್ಟಕ್ಕೇ ನಿಲ್ಲದೆ, ಶಾಸನ ಬರುವ ತನಕ ಕಾನೂನಿನಂತೆಯೇ ನಡೆಯತಕ್ಕ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು. ನೂರಕ್ಕಿಂತ ಕಡಿಮೆಯಿದ್ದರೆ ಹೊರಗಿನ ತಜ್ಞರೊಡನೆ ಔಪಚಾರಿಕ ಏರ್ಪಾಡು ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ನೀಡಬೇಕು. ಅಂಕಗಳ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಬ್ಯಾಚುಗಳಾಗಿ ಒಡೆಯಬಾರದು.

ಮುಂಬಯಿ ನಗರ ಮತ್ತು ಉಪನಗರಗಳ ಶಾಲೆಗಳಿಗೆ ಈ ಆದೇಶ ತಲುಪಿದೆ. ಆದರೆ ಆದೇಶ ಮತ್ತು ಅನುಷ್ಠಾನಗಳ ನಡುವೆ ಒಂದು ಅಗ್ಗದ ಒಳದಾರಿಯೂ ತೆರೆದುಕೊಂಡಿದೆ. ತರಗತಿಗೆ ಇಬ್ಬರು ಜಾಣ ಮಕ್ಕಳನ್ನು ಆರಿಸುವುದು, ಅರ್ಧ ದಿನ ಭಾಷಣ ಕೇಳಿಸುವುದು, ಎದೆಗೆ ಬಿಲ್ಲೆ ಚುಚ್ಚುವುದು, ಛಾಯಾಚಿತ್ರ ತೆಗೆದು ವಾರ್ಷಿಕ ವರದಿಗೆ ಅಂಟಿಸುವುದು. ಸಹಪಾಠಿಗಳ ಯೋಗಕ್ಷೇಮ ನೋಡಿಕೊಳ್ಳಲು ವಿದ್ಯಾರ್ಥಿಗಳನ್ನೇ ತರಬೇತುಗೊಳಿಸುವ ವಿಚಾರ ಮೂಲದಲ್ಲಿ ಅತ್ಯಂತ ಸಮಂಜಸವಾದದ್ದು. ಆ ಕಾರಣದಿಂದಲೇ ಅದು ಬಿಲ್ಲೆಯ ಮಟ್ಟಕ್ಕೆ ಇಳಿಯದಂತೆ ನೋಡಿಕೊಳ್ಳುವ ಅಗತ್ಯವಿದೆ. ಈ ಮಹಾನಗರದಲ್ಲಿ ಶಾಲೆಗಳನ್ನು ಕಟ್ಟಿ ನಡೆಸುತ್ತಿರುವ ಸಮುದಾಯಗಳಲ್ಲಿ ಜೈನ ಸಮಾಜ ಮುಂಚೂಣಿಯಲ್ಲಿರುವುದರಿಂದ ಪ್ರಶ್ನೆ ಅದರ ಬಾಗಿಲಿಗೂ ಬರುತ್ತದೆ.

ಮೊದಲು ಲೆಕ್ಕವನ್ನೇ ನೋಡೋಣ. ಉಪನಗರದ ಒಂದು ಸಾಧಾರಣ ಶಾಲೆಯಲ್ಲಿ 1,200 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ತೀರ್ಪಿನ ಕನಿಷ್ಠ ಷರತ್ತಿನಂತೆ ಒಬ್ಬರೇ ಆಪ್ತಸಮಾಲೋಚಕರು. ಅವರು ದಿನಕ್ಕೆ ಹತ್ತು ಮಕ್ಕಳನ್ನು ತಲಾ ಅರ್ಧ ಗಂಟೆ ಮಾತಾಡಿಸಿದರೆ ಪ್ರತಿ ಮಗುವನ್ನು ಒಂದೇ ಒಂದು ಸಲ ಕಾಣುವುದಕ್ಕೆ 120 ದಿನ ಬೇಕು. ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಎಂಟನೆಯ ತರಗತಿಗಳಿಗೆ ಗೊತ್ತುಪಡಿಸಿದ ಕೆಲಸದ ದಿನಗಳು ವರ್ಷಕ್ಕೆ 220. ಅರ್ಧಕ್ಕೂ ಹೆಚ್ಚು ವರ್ಷ ಮುಖಪರಿಚಯಕ್ಕೇ ಹೋಯಿತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಶೇ. 13.5. ಐವತ್ತು ಮಕ್ಕಳ ತರಗತಿಯಲ್ಲಿ ಆರೇಳು ಮಕ್ಕಳು ಎಂದಾಯಿತು. ಆ ಆರೇಳು ಮಂದಿ ಯಾರು ಎಂಬುದು ಆಪ್ತಸಮಾಲೋಚಕರ ಕೋಣೆಯಲ್ಲಿ ಕುಳಿತವರಿಗೆ ಗೊತ್ತಾಗುವುದಿಲ್ಲ. ಪಕ್ಕದ ಬೆಂಚಿನವರಿಗೆ ಗೊತ್ತಾಗುತ್ತದೆ.

ಡಬ್ಬಿ ತೆರೆಯದೆ ಹಾಗೆಯೇ ಮನೆಗೆ ಹೋಗುತ್ತಿರುವುದನ್ನು ಕಂಡವಳು ಗೆಳತಿ. ಬೆಳಗಿನ ಆರರ ಲೋಕಲ್ ಹಿಡಿದು ಕ್ಲಾಸಿಗೆ ಹೋಗುವ ಹುಡುಗ ಒಂದು ವಾರದಿಂದ ಪ್ಲಾಟ್‌ಫಾರ್ಮಿನಲ್ಲಿ ಯಾರೊಡನೆಯೂ ಮಾತಾಡುತ್ತಿಲ್ಲ ಎಂಬುದನ್ನು ಗಮನಿಸಿದವನು ಜತೆಯಲ್ಲಿ ಅದೇ ಡಬ್ಬಿಯಲ್ಲಿ ನೇತಾಡಿಕೊಂಡು ಹೋಗುವವನು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆಗೆ ತಂದೆಯ ಸಹಿಯನ್ನು ಮಗಳೇ ಹಾಕಿಕೊಂಡ ಸಂಗತಿ ಮನೆಯಲ್ಲಿ ತಿಳಿಯುವುದಕ್ಕೆ ತಿಂಗಳು ಹಿಡಿಯಬಹುದು. ತರಗತಿಯ ಮೂವರಿಗೆ ಅದು ಮಧ್ಯಾಹ್ನದೊಳಗೆ ತಿಳಿದಿರುತ್ತದೆ. ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ, 3.79 ಲಕ್ಷ ವಿದ್ಯಾರ್ಥಿಗಳು ಪಾಲ್ಗೊಂಡ ಸಮೀಕ್ಷೆಯಲ್ಲಿ ಶೇ. 81 ಮಂದಿ ಆತಂಕಕ್ಕೆ ಕಾರಣವಾಗಿ ಹೇಳಿದ್ದು ಓದು, ಪರೀಕ್ಷೆ ಮತ್ತು ಫಲಿತಾಂಶವನ್ನೇ. ಆತಂಕದ ಮೂಲ ಮನೆಯ ನಿರೀಕ್ಷೆಯಾಗಿದ್ದಾಗ ಮಗು ಮನೆಯಲ್ಲಿ ಬಾಯಿಬಿಡುವುದು ಕಷ್ಟ. ಶಾಲೆಯಾಗಿದ್ದಾಗ ಶಿಕ್ಷಕರಲ್ಲಿ ಹೇಳುವುದು ಕಷ್ಟ. ಉಳಿಯುವುದು ಸ್ನೇಹಿತ ಒಬ್ಬನೇ. ಆ ಸ್ನೇಹಿತನಿಗೂ ವಯಸ್ಸು ಹದಿನಾಲ್ಕು. ಕೇಳಿಸಿಕೊಂಡದ್ದನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಮಕ್ಕಳೇ ಮಕ್ಕಳಿಗೆ ಆಸರೆಯಾದ ದೊಡ್ಡ ಉದಾಹರಣೆ ಹೊರದೇಶದಿಂದ ಬರಬೇಕಾಗಿಲ್ಲ; ಅದು ಹುಟ್ಟಿದ್ದು ಇದೇ ಮುಂಬಯಿಯಲ್ಲಿ. 1996ರಲ್ಲಿ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಜೆರೂ ಬಿಲಿಮೋರಿಯಾ ಅವರು ಚೈಲ್ಡ್‌ಲೈನ್ ಆರಂಭಿಸಿದಾಗ ಅದರ ಬೆನ್ನೆಲುಬಾಗಿದ್ದವರು ರೈಲು ನಿಲ್ದಾಣಗಳಲ್ಲಿ, ಫುಟ್‌ಪಾತಿನಲ್ಲಿ ಬೆಳೆದ ಹುಡುಗರು. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತಾ ಬರುವ 1098 ಎಂಬ ಸಂಖ್ಯೆ ಅಕ್ಷರ ಬಾರದ ಮಗುವಿನ ನಾಲಗೆಯಲ್ಲೂ ನಿಲ್ಲುವಂಥದು. ಆ ಸಂಖ್ಯೆಯನ್ನು ಬೀದಿಬೀದಿಗೆ ಹಬ್ಬಿಸಿದವರು, ಆರಂಭದ ದಿನಗಳಲ್ಲಿ ಕರೆ ಸ್ವೀಕರಿಸಿ ಧಾವಿಸಿದವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ಬೀದಿಯಲ್ಲಿದ್ದವರು. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ಆ ಹುಡುಗರನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಅವರ ಹಿಂದೆ ತರಬೇತಾದ ಸಮಾಜ ಕಾರ್ಯಕರ್ತರಿದ್ದರು, ಆಸ್ಪತ್ರೆಗಳೊಡನೆ ಪೊಲೀಸರೊಡನೆ ಮಾತುಕತೆ ನಡೆದಿತ್ತು, ದೂರವಾಣಿ ಇಲಾಖೆಯ ಸಹಕಾರವಿತ್ತು. ಹುಡುಗರದು ಮೊದಲ ಕೈ. ಕೊನೆಯ ಕೈ ಅವರದಾಗಿರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಇದಕ್ಕಿಂತಲೂ ಹಳೆಯ ನೆನಪೊಂದಿದೆ. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಿಗೆ ಹೋಗಿ, ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿಗೂ ವಕೀಲಿಗೂ ಏರಿದ ಒಂದು ಇಡೀ ತಲೆಮಾರಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆ ನಡೆಸಿದ್ದು ಅಂಥ ಹುಡುಗರಿಗಾಗಿ. ಹನ್ನೆರಡರ ವಯಸ್ಸಿನಲ್ಲಿ ಊರು ಬಿಟ್ಟು ಬಂದವನಿಗೆ ಅಳು ಬಂದಾಗ ಹೋಟೆಲಿನ ಅಟ್ಟದ ಮೇಲೆ ಪಕ್ಕದ ಚಾಪೆಯಲ್ಲಿ ಮಲಗಿದ್ದ, ಎರಡು ವರ್ಷ ಹಿರಿಯನಾದ ಊರಿನವನೇ ತಾಯಿ, ಅವನೇ ಮೇಷ್ಟ್ರು. ಆ ವ್ಯವಸ್ಥೆಗೆ ಯಾರೂ ಹೆಸರಿಟ್ಟಿರಲಿಲ್ಲ. ಅದನ್ನು ಹೊಗಳಿ ಸುಮ್ಮನಾಗುವುದೂ ಸರಿಯಲ್ಲ. ಎಷ್ಟೋ ಹುಡುಗರು ಆ ಅಟ್ಟಗಳಲ್ಲೇ ಮುರಿದುಹೋದರು. ಅವರ ಕತೆ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿಲ್ಲ. ಪಕ್ಕದ ಚಾಪೆಯವನ ಒಳ್ಳೆಯತನದ ಮೇಲೆಯೇ ಎಲ್ಲವನ್ನೂ ಹೇರಿದರೆ ಹಾಗೆಯೇ ಆಗುತ್ತದೆ.

ಸರ್ಕಾರದ ಕಾಗದಗಳಲ್ಲಿ ಈ ವಿಚಾರಕ್ಕೆ ಸ್ಥಾನ ಸಿಕ್ಕಿ ಹತ್ತು ವರ್ಷ ಮೀರಿದೆ. 2014ರ ಜನವರಿ 7ರಂದು ಚಾಲನೆ ಪಡೆದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ‘ಸಾಥಿಯಾ’ ಎಂಬ ಹೆಸರಿನಲ್ಲಿ ಹದಿಹರೆಯದವರನ್ನೇ ಹದಿಹರೆಯದವರ ಮಾರ್ಗದರ್ಶಿಗಳನ್ನಾಗಿ ನೇಮಿಸಿತು. 2020ರ ಫೆಬ್ರುವರಿಯಲ್ಲಿ ಬಂದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದೂ, ಪ್ರತಿ ತರಗತಿಯ ಇಬ್ಬರು ವಿದ್ಯಾರ್ಥಿಗಳನ್ನು ಆರೋಗ್ಯ ಸಂದೇಶವಾಹಕರೆಂದೂ ಗುರುತಿಸಲು ಹೇಳಿತು. ಸಂದೇಶವಾಹಕ ಎಂಬ ಪದವೇ ಸಮಸ್ಯೆಯನ್ನು ಹೇಳಿಬಿಡುತ್ತದೆ. ಮೇಲಿನಿಂದ ಬಂದ ಸಂದೇಶವನ್ನು ಕೆಳಗೆ ಮುಟ್ಟಿಸುವುದು ಅವರ ಕೆಲಸ. ಕೆಳಗಿನ ನೋವನ್ನು ಮೇಲೆ ಮುಟ್ಟಿಸುವ ದಾರಿ ಆ ಪದದೊಳಗೆ ಇಲ್ಲ. ಕರ್ನಾಟಕದಲ್ಲಿ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜತೆಗೂಡಿ ನಡೆಸುತ್ತಿರುವ ‘ಯುವ ಸ್ಪಂದನ’ ಈ ದೃಷ್ಟಿಯಿಂದ ಉತ್ತಮ ಮಾದರಿ. ಅಲ್ಲಿ ‘ಯುವ ಪರಿವರ್ತಕರು’ ಎಂಬ ತರಬೇತಾದ ತರುಣ ತರುಣಿಯರು ಜಿಲ್ಲಾ ಕೇಂದ್ರಗಳಲ್ಲಿ ಓರಗೆಯವರ ಮಾತು ಕೇಳುತ್ತಾರೆ, ಅವರ ಹಿಂದೆ ತಜ್ಞ ಸಂಸ್ಥೆಯೊಂದು ನಿಂತಿದೆ. ಅದು ಹದಿನೈದು ದಾಟಿದವರಿಗೆ. ಶಾಲೆಯ ಏಳನೆಯ, ಎಂಟನೆಯ ತರಗತಿಯ ಮಗುವಿಗೆ ಇನ್ನೂ ಅಂಥದೊಂದು ಬೇಕಾಗಿದೆ.

ಈ ಬಗೆಯ ಪ್ರಯತ್ನಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವ ಹಕ್ಕು ಹಣ ಹಾಕುವವರಿಗಿದೆ. ಉತ್ತರ ನೇರವಾಗಿಲ್ಲ, ಆದರೆ ಸ್ಪಷ್ಟವಾಗಿದೆ. ಮುಂಬಯಿಯಲ್ಲೇ ಜನಿಸಿದ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಗೋವಾದ ‘ಸಂಗಾತ್’ ಸಂಸ್ಥೆಯ ಸಂಶೋಧಕರು ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಸಿದರು. ಗೋಡೆಪತ್ರಿಕೆ, ಮನದ ಮಾತು ಬರೆದು ಹಾಕುವ ಪೆಟ್ಟಿಗೆ, ವಿದ್ಯಾರ್ಥಿಗಳ ಗುಂಪು, ವೈಯಕ್ತಿಕ ಆಪ್ತಸಮಾಲೋಚನೆ ಎಲ್ಲ ಸೇರಿದ ಕಾರ್ಯಕ್ರಮ ಅದು. ಕೆಲವು ಶಾಲೆಗಳಲ್ಲಿ ಅದನ್ನು ಇರುವ ಶಿಕ್ಷಕರೊಬ್ಬರ ಹೆಗಲಿಗೇ ಹಾಕಿದರು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ, ಮನಶ್ಶಾಸ್ತ್ರದ ಪದವಿಯಿಲ್ಲದಿದ್ದರೂ ತರಬೇತಿ ಪಡೆದ ಒಬ್ಬರನ್ನು ನೇಮಿಸಿದರು. ಪ್ರತ್ಯೇಕವಾಗಿ ಒಬ್ಬರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆ ಇಳಿಯಿತು, ಮಕ್ಕಳ ನಡುವಿನ ಕಿರುಕುಳ ಕಡಿಮೆಯಾಯಿತು. ಶಿಕ್ಷಕರ ಮೇಲೆ ಹೆಚ್ಚುವರಿ ಹೊರೆಯಾಗಿ ಹಾಕಿದ ಶಾಲೆಗಳಲ್ಲಿ ಪರಿಣಾಮವೇ ಕಾಣಲಿಲ್ಲ. ಕಾರ್ಯಕ್ರಮ ಒಂದೇ, ಪುಸ್ತಿಕೆ ಒಂದೇ; ವ್ಯತ್ಯಾಸವೆಲ್ಲ ಅದಕ್ಕೆಂದೇ ಒಬ್ಬ ಮನುಷ್ಯ ಇದ್ದಾನೆಯೇ ಇಲ್ಲವೇ ಎಂಬುದರಲ್ಲಿ.

ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು, 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳಿತು. ಶಿಕ್ಷಕರಿಗಷ್ಟೇ ಎಚ್ಚರಿಕೆಯ ಲಕ್ಷಣಗಳನ್ನು ಕಲಿಸಿದ್ದರಿಂದ ಗಮನಾರ್ಹ ಫಲ ಸಿಗಲಿಲ್ಲ. ಮಕ್ಕಳೇ ಪಾತ್ರ ವಹಿಸಿ, ಚರ್ಚಿಸಿ, ಕಷ್ಟದಲ್ಲಿರುವ ಸ್ನೇಹಿತನಿಗೆ ಹೇಗೆ ನೆರವಾಗಬೇಕೆಂದು ಕಲಿತ ಶಾಲೆಗಳಲ್ಲಿ ಒಂದು ವರ್ಷದ ಬಳಿಕ ಪ್ರಾಣಹಾನಿಯ ಯತ್ನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಅಲ್ಲಿಯೂ ಹೊರಗಿನಿಂದ ಬಂದ ತರಬೇತಾದ ವ್ಯಕ್ತಿ ಮುಂದೆ ನಿಂತಿದ್ದ. ಮಕ್ಕಳನ್ನು ಸಜ್ಜುಗೊಳಿಸುವುದು ಫಲ ಕೊಡುತ್ತದೆ. ಹಿರಿಯರ ವೇತನ ಉಳಿಸುವ ಉಪಾಯವಾಗಿ ಅದನ್ನು ಬಳಸಿದರೆ ಕೊಡುವುದಿಲ್ಲ.

ಹಾಗಾದರೆ ಹದಿನಾಲ್ಕರ ಮಗುವಿಗೆ ಕಲಿಸಬೇಕಾದದ್ದು ಏನು? ಆಪ್ತಸಮಾಲೋಚನೆಯನ್ನಂತೂ ಅಲ್ಲ. ಗಮನಿಸುವುದು, ಕೇಳುವುದು, ಜತೆಗಿರುವುದು, ಸರಿಯಾದ ಹಿರಿಯರ ಬಳಿಗೆ ಕರೆದೊಯ್ಯುವುದು: ಇಷ್ಟೇ. ಹೇಳುವುದಕ್ಕೆ ಸರಳ, ಮಾಡುವುದಕ್ಕೆ ಕಠಿಣ. ಮುಂಬಯಿಯ ಮಕ್ಕಳು ಬೆಳೆದಿರುವುದು ಪರಿಹಾರ ಹೇಳುವ ಹಿರಿಯರ ನಡುವೆ. ಯಾರಾದರೂ ಕಷ್ಟ ಹೇಳಿಕೊಂಡರೆ ಉಪದೇಶ ತಾನಾಗಿ ಹೊರಬರುತ್ತದೆ. ‘ಇಷ್ಟಕ್ಕೆಲ್ಲ ಅಳುತ್ತಾರೇನೋ’, ‘ನನಗೆ ನಿನಗಿಂತ ಕಡಿಮೆ ಬಂದಿದೆ’, ‘ಯೋಗ ಮಾಡು ಸರಿಹೋಗುತ್ತದೆ’. ಈ ವಾಕ್ಯಗಳನ್ನು ನುಂಗಿಕೊಂಡು ಐದು ನಿಮಿಷ ಸುಮ್ಮನೆ ಕೇಳುವುದನ್ನು ರೂಢಿಸಲು ಒಂದು ದಿನದ ಶಿಬಿರ ಸಾಲದು. ನಟಿಸಿ ತೋರಿಸಿ, ತಪ್ಪು ಮಾಡಿ, ಮತ್ತೆ ಮಾಡಿ ಕಲಿಯಬೇಕಾದ ವಿದ್ಯೆಯದು. ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ‘ಸಲಾಂ ಬಾಂಬೆ’ ಸಂಸ್ಥೆ ತಂಬಾಕಿನ ವಿರುದ್ಧ ವಿದ್ಯಾರ್ಥಿ ನಾಯಕರನ್ನು ವರ್ಷಗಳ ಕಾಲ ಬೆಳೆಸಿದ್ದು ನಾಟಕ, ಕಲೆ, ಆಟಗಳ ಮೂಲಕವೇ ಎಂಬುದನ್ನು ಇಲ್ಲಿ ನೆನೆಯಬಹುದು.

ಎಲ್ಲಕ್ಕಿಂತ ಕಠಿಣವಾದ ಪಾಠ ಗುಟ್ಟಿನದು. ‘ಯಾರಿಗೂ ಹೇಳಬೇಡ, ಆಣೆ ಮಾಡು’ ಎಂದು ಸ್ನೇಹಿತೆ ಕೈ ಚಾಚಿದಾಗ ಆ ಆಣೆಯನ್ನು ಕೊಡದೆ ಇರುವುದು ಹೇಗೆ? ಜೈನ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತಿಕರಣವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಇನ್ನೊಬ್ಬರ ದೌರ್ಬಲ್ಯವನ್ನು ಬೀದಿಗೆ ಹರಡದಿರುವುದು ಒಂದು. ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು ಇನ್ನೊಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸ್ಥಿತಿಕರಣಕ್ಕೆ ಉದಾಹರಣೆಯಾಗಿ ಹೆಸರಿಸುವ ವಾರಿಷೇಣನ ಕಥೆ, ಮನಸ್ಸು ಕದಡಿಹೋದ ಬಾಲ್ಯಸ್ನೇಹಿತನನ್ನು ಸ್ನೇಹಿತನೇ ಸ್ಥಿರಗೊಳಿಸಿದ ಕಥೆ. ವಾರಿಷೇಣ ಬೋಧಿಸಲಿಲ್ಲ, ಬೈಯಲಿಲ್ಲ. ಸ್ನೇಹಿತನನ್ನು ಜತೆಯಲ್ಲೇ ಕರೆದುಕೊಂಡು ಹೊರಟ. ಜಾರುವಿಕೆ ಪ್ರಾಣಕ್ಕೇ ಬಂದಾಗ ಉಪಗೂಹನವನ್ನು ಮುಂದೆ ಮಾಡಿ ಸ್ಥಿತಿಕರಣವನ್ನು ಕೈಬಿಡುವುದು ಎಂಟು ಅಂಗಗಳನ್ನು ಅರ್ಧವಷ್ಟೇ ಓದಿದಂತೆ. ‘ನಿನ್ನ ಮಾತನ್ನು ತರಗತಿಯಲ್ಲಿ ಹರಡುವುದಿಲ್ಲ, ಆದರೆ ನಿನಗೆ ಅಪಾಯವಿದೆ ಎನಿಸಿದರೆ ಒಬ್ಬ ದೊಡ್ಡವರಿಗೆ ಹೇಳುತ್ತೇನೆ, ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ’ ಎಂಬ ವಾಕ್ಯವನ್ನು ಮಗು ತನ್ನ ಭಾಷೆಯಲ್ಲಿ, ಮೊದಲೇ, ಸಲೀಸಾಗಿ ಹೇಳುವಂತಾಗಬೇಕು.

ಉಪಗೂಹನದ ಹೆಸರಿನಲ್ಲಿ ನಡೆಯುವ ಇನ್ನೊಂದು ಅನಾಚಾರವನ್ನೂ ಹೇಳಿಬಿಡಬೇಕು. ಶಾಲೆಯ ಹೆಸರು ಕೆಡುತ್ತದೆ, ಸಮಾಜದ ಮಾನ ಹೋಗುತ್ತದೆ ಎಂದು ಆಡಳಿತ ಮಂಡಳಿಗಳು ಮಕ್ಕಳ ನೋವಿನ ಮೇಲೆ ಬಟ್ಟೆ ಹೊದಿಸುವುದು ಧರ್ಮವಲ್ಲ. 2024ರ ಆಗಸ್ಟಿನಲ್ಲಿ ಬದ್ಲಾಪುರದ ಶಾಲೆಯೊಂದರಲ್ಲಿ ಪುಟ್ಟ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ಬೆಳಕಿಗೆ ಬಂದಾಗ ಬಾಂಬೆ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ದೂರು ದಾಖಲಿಸುವಲ್ಲಿ ಆದ ವಿಳಂಬವನ್ನು ಕಟುವಾಗಿ ಪ್ರಶ್ನಿಸಿತ್ತು. ಸಹಪಾಠಿಗೆ ನೆರವಾಗುವ ವಿದ್ಯಾರ್ಥಿಯ ಕಿವಿಗೆ ಇಂದಲ್ಲ ನಾಳೆ ಇಂಥ ಸಂಗತಿಯೂ ಬೀಳುತ್ತದೆ. ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ದೌರ್ಜನ್ಯ ನಡೆದಿದೆ ಎಂದು ತಿಳಿದ ಪ್ರತಿಯೊಬ್ಬರೂ ವರದಿ ಮಾಡಬೇಕು. ಮಾಡದಿದ್ದರೆ 21ನೆಯ ಕಲಮಿನಂತೆ ಶಿಕ್ಷೆ. ಅದೇ 21ನೆಯ ಕಲಮು ಮಕ್ಕಳನ್ನು ಆ ಶಿಕ್ಷೆಯಿಂದ ಹೊರಗಿಟ್ಟಿದೆ. ಅಂದರೆ ಕಾನೂನಿನ ಭಾರ ಮಗುವಿನ ಮೇಲಿಲ್ಲ. ಆ ಮಗು ಯಾವ ಹಿರಿಯರಿಗೆ ಹೇಳಿತೋ ಅವರ ಮೇಲಿದೆ. ಮುಖ್ಯೋಪಾಧ್ಯಾಯರು ಮತ್ತು ಟ್ರಸ್ಟಿಗಳು ತರಬೇತಿಯ ಮೊದಲ ಸಾಲಿನಲ್ಲಿ ಕುಳಿತು ಇದನ್ನು ಕಲಿಯದೆ ಮಕ್ಕಳನ್ನು ಕಳುಹಿಸಿಕೊಟ್ಟರೆ ಪ್ರಯೋಜನವಿಲ್ಲ.

ಯಾರನ್ನು ಆರಿಸಬೇಕು ಎಂಬಲ್ಲಿಯೂ ಶಾಲೆಗಳು ಎಡವುತ್ತವೆ. ಮಾನಿಟರ್, ಮೊದಲ ರ‍್ಯಾಂಕಿನವಳು, ವಾಗ್ಮಿ, ಶಿಕ್ಷಕರ ಅಚ್ಚುಮೆಚ್ಚಿನವನು: ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ನಪಾಸಾದ ಹುಡುಗ ಮೊದಲ ರ‍್ಯಾಂಕಿನವಳ ಬಳಿ ಹೋಗಿ ಅಳುತ್ತಾನೆಯೇ? ‘ನಿನಗೆ ಕಷ್ಟ ಬಂದರೆ ತರಗತಿಯಲ್ಲಿ ಯಾರ ಬಳಿ ಹೇಳುವೆ?’ ಎಂಬ ಒಂದೇ ಪ್ರಶ್ನೆಗೆ ಎಲ್ಲ ಮಕ್ಕಳಿಂದ ಗುಪ್ತವಾಗಿ ಉತ್ತರ ಬರೆಸಿಕೊಂಡರೆ ಶಿಕ್ಷಕರು ಊಹಿಸದ ಹೆಸರುಗಳು ಮೇಲೆ ಬರುತ್ತವೆ; ಅವುಗಳಲ್ಲಿ ಕೆಲವು ಕೊನೆಯ ಬೆಂಚಿನವು. ಆಯ್ಕೆಯಾದವರನ್ನು ಆಡಳಿತದ ಗೂಢಚಾರರನ್ನಾಗಿ ಮಾಡಬಾರದು. ಮೊಬೈಲು ತಂದವರಾರು, ಕಾಪಿ ಹೊಡೆದವರಾರು ಎಂದು ಒಮ್ಮೆ ಅವರನ್ನು ವಿಚಾರಿಸಿದರೆ ಸಾಕು, ಅಂದಿಗೆ ಆ ಯೋಜನೆ ಮುಗಿಯಿತು.

ಜೈನ ಟ್ರಸ್ಟುಗಳ ಶಾಲೆಗಳಿಗೆ ಸಂಬಂಧಿಸಿದ ಒಂದು ಮಾತು, ಕೆಲವರಿಗೆ ಅಪ್ರಿಯವಾದರೂ ಸರಿಯೇ. ಈ ಶಾಲೆಗಳಲ್ಲಿ ಎಲ್ಲ ಸಮುದಾಯಗಳ ಮಕ್ಕಳು ಓದುತ್ತಾರೆ. ಡಬ್ಬಿಯಲ್ಲಿ ಏನಿದೆ ಎಂಬುದು ಕೆಲವೆಡೆ ಇನ್ನೂ ಮೂದಲಿಕೆಯ ವಿಷಯವಾಗಿದೆ. ಆವರಣದಲ್ಲಿ ಸಸ್ಯಾಹಾರವೇ ಇರಲಿ ಎನ್ನುವುದು ಒಂದು ನಿಯಮ. ಮನೆಯಲ್ಲಿ ಮೀನು ತಿನ್ನುವ ಮಗುವನ್ನು ದೂರ ಕೂರಿಸುವುದು ಇನ್ನೊಂದು, ಅದಕ್ಕೆ ಹಿಂಸೆ ಎಂದೇ ಹೆಸರು. ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರಾದಲ್ಲಿ ತೆರೆದ ಶಾಹು ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಂಡರು. ನೂರು ವರ್ಷಗಳ ತರುವಾಯ ಆ ಬೋರ್ಡಿಂಗಿಗಿಂತ ಹಿಂದೆ ನಿಂತು ಮಕ್ಕಳ ನೆಮ್ಮದಿಯ ಬಗ್ಗೆ ಶಿಬಿರ ನಡೆಸುವುದು ಹೊಂದಿಕೆಯಾಗದು. ಸಹಪಾಠಿ ನೆರವಿಗರ ತಂಡದಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳಿಗೂ ಸ್ಥಾನವಿರಬೇಕು. ದುಃಖ ಬರುವುದು ಮನೆಮಾತಿನಲ್ಲಿಯೇ.

ನೆರವಾಗುವ ಮಗುವಿನ ಮೇಲೆ ಬೀಳುವ ಭಾರದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಸ್ನೇಹಿತನಿಂದ ಬಂದ ಒಂದು ಸಾಲಿನ ಸಂದೇಶ ಅವನ ನಿದ್ರೆಯನ್ನು ಕೆಡಿಸುತ್ತದೆ. ಕೈಮೀರಿ ಏನಾದರೂ ಆಯಿತೆಂದರೆ, ತಾನು ಇನ್ನಷ್ಟು ಮಾಡಬಹುದಿತ್ತು ಎಂಬ ಕೊರಗು ಅವನನ್ನು ವರ್ಷಗಟ್ಟಲೆ ಕಾಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಆ ಮಕ್ಕಳನ್ನು ಕೂರಿಸಿ ‘ನೀನು ಹೇಗಿದ್ದೀಯೆ’ ಎಂದು ಕೇಳುವ ಆಪ್ತಸಮಾಲೋಚಕರು ಇರಬೇಕು. ಶಾಲೆಯ ಹೊತ್ತಿನ ಹೊರಗೆ ಹೊಣೆ ಮಗುವಿನದಲ್ಲ ಎಂಬುದು ಲಿಖಿತ ನಿಯಮವಾಗಬೇಕು. ಆ ಹೊತ್ತಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ, 1098, ಒಬ್ಬ ಹಿರಿಯರ ದೂರವಾಣಿ ಇವು ಪ್ರತಿ ಮಗುವಿಗೂ ಗೊತ್ತಿರಬೇಕು. ಹತ್ತನೆಯ ತರಗತಿಗೆ ಬಂದಾಗ ಈ ಕೆಲಸ ಬಿಡುವ ಸ್ವಾತಂತ್ರ್ಯ ಇರಬೇಕು, ಬಿಟ್ಟದ್ದಕ್ಕೆ ಯಾರೂ ಹುಬ್ಬುಗಂಟಿಕ್ಕಬಾರದು. ಮನೆಯವರ ಒಪ್ಪಿಗೆ ಮೊದಲೇ ಪಡೆಯಬೇಕು. ‘ಎಷ್ಟು ಪ್ರಕರಣ ಬಗೆಹರಿಸಿದೆ’ ಎಂದು ಬಹುಮಾನ ಕೊಡುವ ಉತ್ಸಾಹಿಗಳನ್ನು ದೂರವಿಡಬೇಕು.

ಇನ್ನು ಹಣದ ಮಾತು. ಇಲ್ಲಿ ರಾಜ್ಯವೂ ಪಾಲಿಕೆಯೂ ತಪ್ಪಿಸಿಕೊಳ್ಳುವಂತಿಲ್ಲ. ಬೃಹನ್ಮುಂಬಯಿ ಮಹಾನಗರ ಪಾಲಿಕೆಯ 2025-26ರ ಮುಂಗಡಪತ್ರದ ಗಾತ್ರ 74,427 ಕೋಟಿ ರೂಪಾಯಿ. ಶಿಕ್ಷಣಕ್ಕೆ ಸುಮಾರು 3,955 ಕೋಟಿ. ಎಂಟು ಭಾಷೆಗಳಲ್ಲಿ, ಕನ್ನಡವೂ ಸೇರಿದಂತೆ, ಶಾಲೆ ನಡೆಸುವ ಪಾಲಿಕೆ ಇದು. 2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಮುಂಗಡಪತ್ರ ಬರೆದು ತಾನೇ ಒಪ್ಪಿಗೆ ಕೊಟ್ಟ ನಗರದಲ್ಲಿ, ಪಾಲಿಕೆ ಶಾಲೆಯ ಮಗುವಿಗೆ ಆಪ್ತಸಮಾಲೋಚಕರು ಎಲ್ಲಿ ಎಂದು ಸಭೆಯಲ್ಲಿ ಎದ್ದು ಕೇಳುವವರೇ ಇರಲಿಲ್ಲ. 13,044 ವಿದ್ಯಾರ್ಥಿಗಳು ಒಂದೇ ವರ್ಷದಲ್ಲಿ, 2022ರಲ್ಲಿ, ಪ್ರಾಣ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಲೆಕ್ಕ ಕೊಟ್ಟಿತು. ರಾಜ್ಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಮಹಾರಾಷ್ಟ್ರದ್ದು. ಇಂಥ ರಾಜ್ಯದಲ್ಲಿ ಆಪ್ತಸಮಾಲೋಚಕರ ಹುದ್ದೆ ಮಂಜೂರಾದ ಹುದ್ದೆಯಾಗಬೇಕು, ಗುತ್ತಿಗೆಯ ಹುದ್ದೆಯಲ್ಲ.

ಸರ್ಕಾರವನ್ನು ಕೇಳುವ ಬಾಯಿ ತನ್ನ ಲೆಕ್ಕಪುಸ್ತಕವನ್ನೂ ತೆರೆದು ತೋರಿಸಬೇಕು. ಧರ್ಮಾರ್ಥ ಟ್ರಸ್ಟು ತನ್ನ ಆದಾಯದ ಶೇ. 85ನ್ನು ಉದ್ದೇಶಿತ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ಆದಾಯ ತೆರಿಗೆ ಕಾನೂನಿನ ನಿಯಮ. ಮಾರ್ಚ್ ಹತ್ತಿರ ಬಂದಂತೆ ಆ ಮಿತಿ ತಲುಪಲು ಎಷ್ಟು ಟ್ರಸ್ಟುಗಳು ಪೀಠೋಪಕರಣ ಕೊಳ್ಳುತ್ತವೆ, ಗೋಡೆಗೆ ಮತ್ತೆ ಬಣ್ಣ ಬಳಿಯುತ್ತವೆ ಎಂಬುದು ಲೆಕ್ಕಪರಿಶೋಧನೆಯ ಬಲ್ಲವರಿಗೆ ಗೊತ್ತಿದ್ದ ಗುಟ್ಟು. ಸಭಾಂಗಣ ಕಟ್ಟಿದರೆ ದಾನಿಯ ಹೆಸರು ಅಮೃತಶಿಲೆಯ ಮೇಲೆ ಬರುತ್ತದೆ. ಆಪ್ತಸಮಾಲೋಚಕರ ವೇತನಕ್ಕೆ ಕೊಟ್ಟರೆ ಹೆಸರು ಕೆತ್ತಲು ಗೋಡೆಯೇ ಇಲ್ಲ. ಸೇಠ್ ಮಾಣಿಕಚಂದ್ ಹೀರಾಚಂದರು 1900ರ ಸುಮಾರಿಗೆ ಮುಂಬಯಿಯಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು, ಊರು ಬಿಟ್ಟು ಬಂದ ಹುಡುಗನಿಗೆ ಊಟ, ಹಾಸಿಗೆ, ಜತೆ ಎಲ್ಲವೂ ಬೇಕು ಎಂದು ಅರಿತು. ಆ ಅರಿವಿನ ಇಂದಿನ ರೂಪ ಒಬ್ಬ ಪೂರ್ಣಕಾಲಿಕ ಆಪ್ತಸಮಾಲೋಚಕಿಯ ವೇತನ, ಮಕ್ಕಳು ಕೂತು ಮಾತಾಡಲು ಬಾಗಿಲು ಮುಚ್ಚುವ ಒಂದು ಕೋಣೆ. ಎರಡು ಮೂರು ಸಣ್ಣ ಶಾಲೆಗಳು ಸೇರಿ ಒಬ್ಬರನ್ನು ನೇಮಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ; ಆದರೆ ಅವರು ಯಾವ ದಿನ ಎಲ್ಲಿರುತ್ತಾರೆಂದು ಮಕ್ಕಳಿಗೆ ಖಚಿತವಾಗಿ ತಿಳಿದಿರಬೇಕು.

ಪ್ರತಿ ಜುಲೈ-ಆಗಸ್ಟಿನಲ್ಲಿ ಮುಂಬಯಿಯ ಸಮಾಜ ಮಂದಿರಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ನಡೆಯುತ್ತವೆ. ಶೇ. 90 ದಾಟಿದವರಿಗೆ ಶಾಲು, ಫಲಕ, ಛಾಯಾಚಿತ್ರ. ಶೇ. 62 ಪಡೆದವನು ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು, ಚಿಕ್ಕಪ್ಪನ ಮಗಳು ವೇದಿಕೆ ಏರುವುದನ್ನು ನೋಡುತ್ತಾನೆ. ಮನೆಗೆ ಹಿಂದಿರುಗುವ ಟ್ಯಾಕ್ಸಿಯಲ್ಲಿ ಯಾರೂ ಬೈಯದಿದ್ದರೂ ಅವನಿಗೆ ಕೇಳಿಸಬೇಕಾದದ್ದು ಕೇಳಿಸಿರುತ್ತದೆ. ಒಂದು ಕಡೆ ಶಾಲೆಯಲ್ಲಿ ಸಹಪಾಠಿಯ ಮನಸ್ಸಿಗೆ ಆಸರೆಯಾಗು ಎಂದು ಕಲಿಸಿ, ಇನ್ನೊಂದು ಕಡೆ ಅಂಕವೇ ಕುಲದ ಮಾನ ಎಂದು ಧ್ವನಿವರ್ಧಕದಲ್ಲಿ ಸಾರಿದರೆ ಮಕ್ಕಳು ಧ್ವನಿವರ್ಧಕವನ್ನೇ ನಂಬುತ್ತಾರೆ. ಸಿಎ ಪರೀಕ್ಷೆ ಮೊದಲ ಯತ್ನದಲ್ಲೇ ಮುಗಿಸಿದವರ ಹೆಸರನ್ನು ಬ್ಯಾನರಿನಲ್ಲಿ ಹಾಕುವ ಸಂಘಗಳು, ನಾಲ್ಕನೆಯ ಯತ್ನದಲ್ಲಿ ಮುಗಿಸಿದವರನ್ನು ಅಥವಾ ಬಿಟ್ಟು ಬೇರೆ ದಾರಿ ಹಿಡಿದು ನೆಮ್ಮದಿಯಾಗಿರುವವರನ್ನು ಒಮ್ಮೆಯಾದರೂ ವೇದಿಕೆಗೆ ಕರೆದು ಮಾತಾಡಿಸಲಿ. ಸಭಾಂಗಣದ ಹಿಂದಿನ ಸಾಲುಗಳು ಅಂದು ಹೆಚ್ಚು ಗಮನವಿಟ್ಟು ಕೇಳುತ್ತವೆ.

ಮುಂಬಯಿಯ ಶಾಲೆಗಳು ಜೂನ್ ಮಧ್ಯಭಾಗದಲ್ಲಿ ತೆರೆಯುತ್ತವೆ. ಅದಕ್ಕೆ ಮುನ್ನ ಟ್ರಸ್ಟಿಗಳ ಸಭೆಗಳು ನಡೆಯಲಿವೆ. ಕಾರ್ಯಸೂಚಿಯಲ್ಲಿ ಕಟ್ಟಡ ದುರಸ್ತಿ, ಬಸ್ ಗುತ್ತಿಗೆ, ಶುಲ್ಕ ಪರಿಷ್ಕರಣೆ ಎಂದಿನಂತೆ ಇರುತ್ತವೆ. ಆಪ್ತಸಮಾಲೋಚಕರ ನೇಮಕ ಹಾಗೂ ವೇತನ, ಸಹಪಾಠಿ ನೆರವಿಗರ ಆಯ್ಕೆ ಮತ್ತು ವಾರದ ಭೇಟಿಯ ವೇಳಾಪಟ್ಟಿ ಎಂಬ ಎರಡು ಸಾಲುಗಳನ್ನು ಅವುಗಳಿಗಿಂತ ಮೇಲೆ ಬರೆದು, ಹೌದು ಅಥವಾ ಇಲ್ಲ ಎಂದು ಪ್ರತಿಯೊಬ್ಬ ಟ್ರಸ್ಟಿಯ ಅಭಿಪ್ರಾಯವನ್ನು ಹೆಸರು ಸಹಿತ ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ. ಆ ನಡಾವಳಿಯ ಪ್ರತಿಯನ್ನು ಕೇಳುವ ಹಕ್ಕು ಪಾಲಕರಿಗಿರಲಿ.